ಅಜ್ಜ ಜರ್ಮನಿಯ ಮನೆ ನೋಡಿದ್ದು

ಭಾಷೆ ಕಲಿಯಲು ಬುದ್ಧಿ ಬೇಕು ಎನ್ನುತ್ತಾರೆ. ಬುದ್ಧಿಯ ವಿಷಯ ನನಗಷ್ಟು ಗೊತ್ತಿಲ್ಲ; ಮನೆಯವರ ಒಪ್ಪಿಗೆ ಬೇಕೆಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಎಪ್ಪತ್ತರ ದಶಕದಲ್ಲಿ, ಧರ್ಮಪುರದ ಕಡೆಯ ಕುರಿ ಸಾಕುವ ಮನೆಯವಳಾದ ನಾನು ಬೆಂಗಳೂರಿನಲ್ಲಿ ಜರ್ಮನ್ ಎಂ.ಎ.ಗೆ ಸೇರಿದ್ದೆ. ಯಾಕೆ ಜರ್ಮನ್ ಎಂದು ಕೇಳಬೇಡಿ, ಇಂಗ್ಲಿಷಿಗೆ ಸೀಟು ಸಿಗಲಿಲ್ಲ. ವ್ಯಾಕರಣ, ಸಾಹಿತ್ಯ, ಇತಿಹಾಸ ಎಲ್ಲ ಹೇಗೋ ದಾಟುತ್ತಿದ್ದವು. ಕೊನೆಯಲ್ಲೊಂದು ನಿಯಮವಿತ್ತು: ಆರು ತಿಂಗಳು ಜರ್ಮನಿಯಲ್ಲಿ ಒಂದು ಸಂಸಾರಸ್ಥರ ಮನೆಯಲ್ಲಿದ್ದು ಓದಿ ಬರಬೇಕು. ಖರ್ಚೆಲ್ಲ ಜರ್ಮನಿಯವರದೇ, ಹೋಗದಿದ್ದರೆ ಪದವಿಯಿಲ್ಲ.

ಅಜ್ಜನಿಗೆ ವಿಮಾನದ ಮೇಲೆ ತಕರಾರಿರಲಿಲ್ಲ. ಚಳಿಗೆ ಕಂಬಳಿ ಇತ್ತು. ಆದರೆ ನಮ್ಮ ಕಡೆ ಹೆಣ್ಣುಮಗಳು ಒಂದು ಮನೆಯಲ್ಲಿ ಬಾಳಬೇಕೆಂದರೆ ಹಿರಿಯರು ಮೊದಲು ಹೋಗಿ ಆ ಮನೆ ನೋಡಬೇಕು, ಬಾವಿಯ ನೀರು ಕುಡಿದು, ಹಟ್ಟಿ ಸುತ್ತಿ ಬಂದು ಆಮೇಲೆ ಮಾತು. ಇದು ಮದುವೆಯಲ್ಲ, ಓದು ಎಂದು ತಿಳಿಸಿ ಹೇಳಿದೆ.

"ಮದುವೆ ಆದ್ರೆ ವಾಸಿ ಕಣಮ್ಮ," ಎಂದ ಅಜ್ಜ. "ಸರಿಬರ್ಲಿಲ್ಲ ಅಂದ್ರೆ ಹೋಗಿ ಕರ್ಕಂಬರಬೋದು, ಬಸ್ ಐತೆ."

ನಾನು ಎರಡು ದಿನ ಅತ್ತೆ. ಅಷ್ಟರಲ್ಲಿ ಚಂದ್ರವಳ್ಳಿಯ ಗುಹೆಗಳನ್ನು ನೋಡಲು ಜರ್ಮನ್ ಹೆಂಗಸೊಬ್ಬರು ಚಿತ್ರದುರ್ಗಕ್ಕೆ ಬಂದಿದ್ದಾರೆಂಬ ಸುದ್ದಿ ಸಿಕ್ಕಿತು. ಓಡಿಹೋಗಿ, ಕಾಡಿ ಬೇಡಿ, ಬಸ್ಸು ಹತ್ತಿಸಿ ಕರೆತಂದೆ. ನಾವು ಹೋಗಲಾಗದಿದ್ದರೂ ಅವರ ಕಡೆಯವರೇ ಬಂದರಲ್ಲ, ನಡೆಯುತ್ತದೆ ಎಂದು ಅಜ್ಜ ಅವರಿಗೆ ಕಂಬಳಿ ಹಾಸಿ ಕೂರಿಸಿದ. ಅವ್ವ ಬೆಲ್ಲ, ನೀರು ಕೊಟ್ಟಳು. ಆಮೇಲೆ ಶುರುವಾಯಿತು ನನ್ನ ಪರೀಕ್ಷೆ. ನಿಮ್ಮ ಕಡೆ ಮಳೆ ಹೇಗೆ, ಕುರಿಗೆ ಕಾಲುಬೇನೆ ಬಂದರೆ ಏನು ಹಚ್ಚುತ್ತೀರಿ, ನಮ್ಮ ಹುಡುಗಿಗೆ ಜ್ವರ ಬಂದರೆ ಗಂಜಿ ಕಾಯಿಸುವವರು ಯಾರು ಎಂದು ಅಜ್ಜ ಒಂದೊಂದಾಗಿ ಕೇಳಿದ. ನನಗೆ ಬರುತ್ತಿದ್ದ ಜರ್ಮನ್ ಎಲ್ಲ ಬೆಳದಿಂಗಳು, ಕಾಡು, ವಿರಹದ್ದು. ಕುರಿಯ ಕಾಲುಬೇನೆ ಯಾವ ಕವಿತೆಯಲ್ಲೂ ಇರಲಿಲ್ಲ. ಹೇಗೋ ತೊದಲಿ ಕೇಳಿದೆ. ಆಕೆ ಕೈ ಆಡಿಸುತ್ತ ಬಹಳ ಹೊತ್ತು ಉತ್ತರ ಹೇಳಿದರು. ನಾನು ಬೆವರೊರೆಸಿಕೊಂಡು, ಎಲ್ಲಾ ಚೆನ್ನಾಗಿದೆಯಂತೆ ಎಂದೆ. ಮುಂದಿನ ಪ್ರಶ್ನೆಗೂ ಅದೇ, ಅದರ ಮುಂದಿನದಕ್ಕೂ ಅದೇ. ಕೊನೆಗೆ ಆಕೆ ನಕ್ಕು, ನನ್ನನ್ನು ಬಿಟ್ಟು, ಎದ್ದುಹೋಗಿ ಹಟ್ಟಿಯಲ್ಲಿದ್ದ ಮರಿಯೊಂದನ್ನು ಎದೆಗಪ್ಪಿ ಎತ್ತಿಕೊಂಡರು. ಅಜ್ಜನೂ ನಕ್ಕ.

ಅವರನ್ನು ಬಸ್ಸು ಹತ್ತಿಸಿ ಬಂದು ಬಾಗಿಲಲ್ಲೇ ನಿಂತೆ. ಏನು ಹೇಳುತ್ತೀರಿ ಮಾವ ಎಂದು ಅವ್ವ ಮೆಲ್ಲಗೆ ಕೇಳಿದಳು.

"ಕಳಿಸ್ಬೇಕಮ್ಮ," ಎಂದ ಅಜ್ಜ. "ಆಯಮ್ಮ ಅಷ್ಟುದ್ದ ಹೇಳಿದ್ರೆ ಇವ್ಳಿಗೆ ತಿಳಿಯಾದು ಒಂದೇ ಮಾತು. ಇಲ್ಲೇ ಇದ್ರೆ ಇವ್ಳು ಇನ್ನೇನ್ ಕಲ್ತಾಳು?"

ಕುಣಿಯಬೇಕೋ ಮುಖ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮುಖ ಮುಚ್ಚಿಕೊಂಡೇ ಕುಣಿದೆ.