ಎಡಗಾಲಿಗೆ ಯಂತ್ರ, ಬಲಗಾಲಿಗೆ ಹಗ್ಗ

ಮರ ಹತ್ತುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಹತ್ತದೇ ಇರುವಾಗ ಎಲ್ಲ ಮರವೂ ಸುಲಭ!

ಬನಹಟ್ಟಿಯ ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುವ ಮಾಸ್ತರ. ಹಿಮಾಲಯದ ಎತ್ತರವನ್ನು ಕುರ್ಚಿಯಿಂದ ಏಳದೆ ಹೇಳಬಲ್ಲೆ. ನಮ್ಮ ಹಿತ್ತಲಲ್ಲಿ ಒಂದು ತೆಂಗಿನ ಮರವಿತ್ತು. ನಾವು ಮನೆ ಕೊಂಡಾಗಿನಿಂದ ಅದು ಎತ್ತರವಾಗುವುದೊಂದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ. ಆದರೂ ನನ್ನ ಹೆಂಡತಿ ಶಾಂತಾ ದಿನವೂ ಅದಕ್ಕೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದಳು. ಆ ವರ್ಷ ಮರಕ್ಕೇ ನಾಚಿಕೆಯಾಯಿತೋ ಏನೋ, ಒಂದು ಗೊನೆ ಬಿಟ್ಟಿತು.

"ಈ ಐತವಾರ ಅಪ್ಪನ್ನೂ ಈರಣ್ಣನ್ನೂ ಕರಸ್ತೇನ್ರಿ," ಎಂದಳು ಶಾಂತಾ. "ಇಬ್ಬರೂ ಒಂದ ಜಾಗಾದಾಗ ಕುಂತು ಒಂದ ಮರದ ಎಳನೀರ ಕುಡೀಲಿ. ನನಗ ಮತ್ತೇನೂ ಬ್ಯಾಡ."

ಅಪ್ಪ ಎಂದರೆ ರಬಕವಿಯ ನನ್ನ ಮಾವ. ಕೈಮಗ್ಗದಲ್ಲಿ ಸೀರೆ ನೇಯ್ದು ಬಾಳಿದವರು. ಈರಣ್ಣ ಅವರ ಮಗ, ಶಾಂತಾಳ ತಮ್ಮ. ಹಿಂದಿನ ದೀಪಾವಳಿಯಲ್ಲಿ ಈರಣ್ಣ ಒಂದು ಕೈಮಗ್ಗ ಕಿತ್ತು ಆ ಜಾಗದಲ್ಲಿ ಕರೆಂಟಿನ ಮಗ್ಗ ಕೂರಿಸಿದ. ಅಂದಿನಿಂದ ತಂದೆ ಮಗನ ಮಾತು ಬಂದ್! ಒಂದೇ ಮನೆಯಲ್ಲಿದ್ದು ಮೂರನೆಯವರ ಮೂಲಕ ವ್ಯವಹಾರ. ತವರಿಗೆ ಹೋಗಿ ಬಂದ ದಿನ ಶಾಂತಾ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅದನ್ನು ನೋಡಿ ನನಗೂ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಎದೆ ತಟ್ಟಿ ಹೇಳಿಬಿಟ್ಟೆ: "ಕಾಯಿ ಇಳಸೂದು ನನ್ನ ಜವಾಬ್ದಾರಿ!"

ನಮ್ಮ ಕಡೆ ತೆಂಗಿನ ಮರವೇ ಅಪರೂಪ. ಹತ್ತುವವರು ಇನ್ನೂ ಅಪರೂಪ. ಅಳಿಯ ತಾನೇ ಹತ್ತುತ್ತಾನಂತೆ ಎಂಬ ಸುದ್ದಿ ರಬಕವಿ ಮುಟ್ಟಿತು. ಹಾಗಾಗಿ ಭಾನುವಾರ ಬಂದವರಿಬ್ಬರೂ ಬರಿಗೈಯಲ್ಲಿ ಬರಲಿಲ್ಲ.

ಈರಣ್ಣ ಕಬ್ಬಿಣದ ಒಂದು ಯಂತ್ರ ತಂದಿದ್ದ. ಮಗ್ಗ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಮಾಡಿಸಿದ್ದಂತೆ. ಕಾಲಿಡಲು ಪೆಡಲು, ಮರವನ್ನು ಸುತ್ತಿ ಹಿಡಿಯಲು ತಂತಿಯ ಕುಣಿಕೆ. ಒಂದೊಂದು ಕಾಲಿಗೆ ಒಂದೊಂದು. ಮಾವ ಹೆಗಲ ಮೇಲೆ ಹಗ್ಗ ಹೊತ್ತು ಬಂದಿದ್ದರು. ಅದನ್ನು ಮರಕ್ಕೆ ಸುತ್ತಿ ಒಂದು ಗಂಟು ಹಾಕಿ ತೋರಿಸಿದರು. ಭಾರ ತೆಗೆದರೆ ಮೇಲೆ ಸರಿಯುತ್ತದೆ, ಕಾಲಿಟ್ಟರೆ ಕಚ್ಚಿ ಹಿಡಿಯುತ್ತದೆ.

"ಅಳ್ಯಾರ, ಹಗ್ಗ ನಾವ್ ಹೇಳಿದಂಗ ಕೇಳತೈತಿ. ಕಬ್ಬಣ ಯಾರ ಮಾತ ಕೇಳತೈತ್ರಿ?" ಎಂದರು ಮಾವ, ಮರದ ಕಡೆ ನೋಡುತ್ತ.

"ಮಾಮಾ, ಹಗ್ಗ ಹರೀತೈತಿ, ಕಬ್ಬಣ ಹರಿಯೂದಿಲ್ಲ ಅಂತ ಅವರಿಗೆ ಹೇಳ್ರಿ," ಎಂದ ಈರಣ್ಣ ನನಗೆ, ಗೋಡೆಯ ಕಡೆ ನೋಡುತ್ತ.

ಯಂತ್ರ ಕಟ್ಟಿಕೊಂಡರೆ ಮಾವ ಎದ್ದು ಹೋಗುತ್ತಾರೆ. ಹಗ್ಗ ಕಟ್ಟಿಕೊಂಡರೆ ಮೈದುನ ಎದ್ದು ಹೋಗುತ್ತಾನೆ. ಅಡುಗೆಮನೆಯ ಬಾಗಿಲಲ್ಲಿ ಶಾಂತಾ ಸೆರಗಿನ ತುದಿ ತಿರುವುತ್ತ ನನ್ನನ್ನೇ ನೋಡುತ್ತಿದ್ದಳು. ಆಗ ದೇಶದೇಶಗಳ ಗಡಿ ಎಳೆದವರಿಗೂ ಹೊಳೆಯದ ನ್ಯಾಯವೊಂದು ಈ ಭೂಗೋಳದ ಮಾಸ್ತರನಿಗೆ ಹೊಳೆಯಿತು. ಎಡಗಾಲಿಗೆ ಯಂತ್ರ, ಬಲಗಾಲಿಗೆ ಹಗ್ಗ!

ಇಬ್ಬರಿಗೂ ಇದು ಹಿಡಿಸಲಿಲ್ಲ. ಆದರೆ ಯಾರೂ ಎದ್ದು ಹೋಗಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಮೊದಮೊದಲು ಎಲ್ಲ ಛಲೋ ನಡೆಯಿತು. ಎಡಗಾಲು ಎತ್ತಿದರೆ ಯಂತ್ರ ಟಣ್ ಎನ್ನುತ್ತಿತ್ತು. ಬಲಗಾಲು ಎತ್ತಿದರೆ ಹಗ್ಗ ಸರ್ ಎನ್ನುತ್ತಿತ್ತು. ಪಕ್ಕದ ಮಾಳಿಗೆಯ ಮೇಲೆ ಜನ ಸೇರಿದರು. ನಾನು ಒಂದು ಕೈ ಬಿಟ್ಟು ಅವರಿಗೆ ನಮಸ್ಕಾರ ಕೂಡ ಮಾಡಿದೆ. ಆ ನಮಸ್ಕಾರದಲ್ಲಿ ಕಾಲು ತಪ್ಪಿತು! ಯಂತ್ರ ಜಾರಿ ಹಗ್ಗದ ಮೇಲೆ ಕೂತಿತು. ತಂತಿ ಹಗ್ಗವನ್ನು ಅದುಮಿತು, ಹಗ್ಗ ತಂತಿಯನ್ನು ಕಚ್ಚಿತು. ಆ ಕಾಲೂ ಬರಲೊಲ್ಲದು, ಈ ಕಾಲೂ ಬರಲೊಲ್ಲದು. ನಾನು ಕಣ್ಣು ಮುಚ್ಚಿ ಮರವನ್ನು ತಬ್ಬಿಕೊಂಡೆ.

"ಎಡಗಾಲ ಒತ್ರಿ ಮಾಮಾ!" ಎಂದು ಕೆಳಗಿನಿಂದ ಈರಣ್ಣ.

"ಎಡಗಾಲ ಎತ್ರಿ ಅಳ್ಯಾರ! ಬಲಗಾಲ ಒತ್ರಿ!" ಎಂದು ಮಾವ.

ನಾನು ಒತ್ತಿದೆ, ಎತ್ತಿದೆ, ಮತ್ತಷ್ಟು ಸಿಕ್ಕಿಕೊಂಡೆ. ಖರೆ ಹೇಳಬೇಕೆಂದರೆ ಬಹಳ ಹೆದರಿಕೆಯಾಯಿತು. ಅಷ್ಟರಲ್ಲಿ ಶಾಂತಾಳ ದನಿ ಕೇಳಿಸಿತು. ತಂದೆಯೆದುರು ಆಕೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅವರಿಗೆ ಕಾಲ ಎರಡ ಅದಾವ ಖರೆ. ಆದ್ರ ನನಗ ಗಂಡ ಒಬ್ಬನ ಅದಾನ! ಮೊದಲ ಇಳಸ್ರಿ ಅವರನ್ನ!"

ನಾನು ಒಂದು ಕಣ್ಣು ತೆರೆದು ಕೆಳಗೆ ನೋಡಿದೆ. ಮಾವ ಮಗನ ಕಡೆ ತಿರುಗಿದ್ದರು.

"ಲೇ ಈರಣ್ಣಾ, ನಿಚ್ಚಣಿಕಿ ತಾರೋ."

ದೀಪಾವಳಿಯಿಂದೀಚೆಗೆ ಅವರು ಮಗನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಈರಣ್ಣ ಓಡಿಹೋಗಿ ಪಕ್ಕದ ಮನೆಯ ಏಣಿ ಹೊತ್ತು ತಂದ.

"ಅಪ್ಪಾ, ನೀ ಗಟ್ಟಿ ಹಿಡಿ, ನಾ ಹತ್ತತೇನಿ," ಎಂದ. ಹತ್ತಿ ಬಂದು ನನ್ನ ಕಾಲ ಬುಡದಿಂದ ಕೂಗಿದ: "ಅಪ್ಪಾ, ನಿನ್ನ ಗಂಟ ಹೆಂಗ ಬಿಚ್ಚೂದು?"

"ಮ್ಯಾಲಿನ ಸುತ್ತ ಹಿಂದಕ್ಕ ದಬ್ಬು. ನಿನ್ನ ತಂತಿಗೆ ನಟ್ಟ ಎಲ್ಲಿ ಐತಿ? ಅದನ್ನೂ ಸಡಲ ಮಾಡು."

ಅವರು ಹೀಗೆ ಮಾತಾಡುತ್ತಲೇ ಇದ್ದರು. ಬೇಗ ಇಳಿಯಬೇಕೆಂದು ನನಗೆ ಒಂದು ಮನಸ್ಸು, ಇನ್ನೊಂದಿಷ್ಟು ಹೊತ್ತು ಸಿಕ್ಕಿಕೊಂಡೇ ಇರಬೇಕೆಂದು ಇನ್ನೊಂದು ಮನಸ್ಸು. ಕೆಳಗೆ ಶಾಂತಾ ಅಳುತ್ತ ನಗುತ್ತಿದ್ದಳು.

ನನ್ನನ್ನು ಇಳಿಸಿ ಕಟ್ಟೆಯ ಮೇಲೆ ಕೂರಿಸಿದರು. ಆಮೇಲೆ ಈರಣ್ಣ ಉದ್ದ ಗಳಕ್ಕೆ ಕುಡಗೋಲು ಕಟ್ಟಿಕೊಂಡು ಅದೇ ಏಣಿ ಹತ್ತಿದ. ಕೆಳಗೆ ಮಾವ ಮತ್ತು ಶಾಂತಾ ಕೌದಿ ಹರಡಿ ಹಿಡಿದರು. ಕಾಯಿಗಳು ಒಂದೊಂದಾಗಿ ಅದರೊಳಗೆ ಬಿದ್ದವು. ಏಣಿ, ಗಳ, ಕುಡಗೋಲು, ಇವು ಬೆಳಗ್ಗೆ ನಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ!

ಸುಮ್ಮನೆ ಕೂರಲು ನನಗೆ ಸಂಕೋಚವಾಯಿತು. "ನಾನೂ ಏನಾದ್ರೂ ಮಾಡ್ಲೇನು?" ಎಂದೆ.

"ಏನೂ ಬ್ಯಾಡ, ಸುಮ್ಮ ಕುಂದರ್ರಿ!" ಎಂದರು ತಂದೆ ಮಗ, ಇಬ್ಬರೂ ಒಟ್ಟಿಗೆ.

ಇಬ್ಬರೂ ಅದೇ ಕಟ್ಟೆಯ ಮೇಲೆ ಕೂತು ಎಳನೀರು ಕುಡಿದರು. ಶಾಂತಾ ಅಂದು ಹೊಟ್ಟೆ ತುಂಬ ಉಂಡಳು.

ಈಗಲೂ ರಬಕವಿಯಲ್ಲಿ ಮಗ್ಗದ ಮಾತು ಬಂದು ತಂದೆ ಮಗನ ದನಿ ಏರಿತೆಂಬ ಸುದ್ದಿ ಬಂದರೆ ಶಾಂತಾ ಒಮ್ಮೆ ಮರ ನೋಡುತ್ತಾಳೆ, ಒಮ್ಮೆ ನನ್ನನ್ನು ನೋಡುತ್ತಾಳೆ.

"ಏನ್ರೀ, ಇನ್ನೊಮ್ಮೆ ಹತ್ತತೀರೇನು?"