ದಿಲ್ಲಿಗೆ ಹಾಸಿದ ಕಲ್ಲು

"ದಿಲ್ಲಿ ಅಂದ್ರ ಕಾರಿನಾಗ ಕುಂತು ನೋಡೋ ಊರಲ್ಲ, ಕಾಲಿಲೆ ನೋಡಬೇಕು. ಒಂದು ಮೂಲಿ ಬಿಡಂಗಿಲ್ಲ, ಎಲ್ಲಾ ತೋರಸ್ತೀನಿ" ಎಂದು ಶಹಾಬಾದಿನ ದೇವಿಂದ್ರಪ್ಪ ಹೆಂಡತಿ ಶಿವಕಾಂತಮ್ಮನಿಗೆ ಮಾತು ಕೊಟ್ಟು ವಾಡಿಯಲ್ಲಿ ರೈಲು ಹತ್ತಿಸಿದ. ಮದುವೆಯಾದಂದಿನಿಂದ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಧೂಳು ಬಿಟ್ಟು ಬೇರೇನೂ ಕಾಣದ ಆಕೆಗೆ ಇದ್ದದ್ದೂ ಒಂದೇ ಆಸೆ: ಒಮ್ಮೆ ರಾಜಧಾನಿ ಕಣ್ತುಂಬ ನೋಡಬೇಕು.

ದಿಲ್ಲಿಯಲ್ಲಿ ಪ್ರವಾಸಿ ತಂಡದ ಗೈಡ್ ಫೈಜಾನ್ ಹಸಿರು ಕೊಡೆ ಎತ್ತಿ ಹಿಡಿದು ಮುಂದೆ ನಡೆದ. ಹಿಂದೆ ನಾಲ್ಕು ಸೀಮೆಯ ಜನ. ಎಲ್ಲರ ಕಣ್ಣು ಮೇಲೆ, ದೇವಿಂದ್ರಪ್ಪನದು ಮಾತ್ರ ಕೆಳಗೆ. ಆಯುಷ್ಯವೆಲ್ಲ ಕಲ್ಲಿಗೆ ಪಾಲಿಶ್ ಹೊಡೆಸಿದ ಮನುಷ್ಯ. ಸ್ವರ್ಗಕ್ಕೆ ಹೋದರೂ ಮೊದಲು ನೆಲಕ್ಕೆ ಏನು ಹಾಸಿದ್ದಾರೆ ಅಂತ ನೋಡಿ, ಆಮೇಲೆ ರಂಭೆಯ ಕಡೆ ತಿರುಗುವವ.

"ಇಕಾ ನೋಡಿಲ್ಲಿ, ನಮ್ಮ ಕಲ್ಲು."

"ಮ್ಯಾಲ ನೋಡ್ರಿ, ಬಾದಶಹನ ಬಾಗಿಲಂತ."

"ಬಾಗಿಲ ಯಾರರೆ ಕಟ್ಟತಾರ. ಅದು ನಿಂತದ್ದು ಯಾರ ಕಲ್ಲಿನ ಮ್ಯಾಲ, ಅದನ್ನ ಕೇಳು."

ಹೀಗೆ ಹೆಜ್ಜೆಗೊಮ್ಮೆ ಬಗ್ಗುವುದು, ಬೆರಳ ಗೆಣ್ಣಿನಿಂದ ಕುಟ್ಟುವುದು, ಕಿವಿಗೊಟ್ಟು ಕೇಳುವುದು. ಅಷ್ಟರಲ್ಲಿ ಹಸಿರು ಕೊಡೆ ಮಾಯ; ಮತ್ತೆ ಓಡಿ ಹಿಡಿಯುವುದು. ಮಧ್ಯಾಹ್ನದವರೆಗೆ ಶಿವಕಾಂತಮ್ಮ ದಿಲ್ಲಿಯಲ್ಲಿ ಕಂಡದ್ದು ಗಂಡನ ಬೆನ್ನೊಂದೇ.

ಒಂದು ಹಳೆಯ ಗುಮ್ಮಟದ ಅಂಗಳದಲ್ಲಿ ದೇವಿಂದ್ರಪ್ಪ ಮೊಣಕಾಲೂರಿಯೇಬಿಟ್ಟ. "ನೀರು ಬಿದ್ರ ಶಹಾಬಾದಿ ಕಲ್ಲಿನ ಬಣ್ಣ ತಾನೇ ಬಾಯಿಬಿಡ್ತದ" ಎಂದು ಆಕೆಯ ಕೈಲಿದ್ದ ಬಾಟಲಿ ಕಿತ್ತುಕೊಂಡ.

"ಅದು ಕುಡಿಯೋ ನೀರು ರೀ."

"ಕಲ್ಲಿಗೂ ನೀರಡಿಸ್ಯದ, ತಡಿ."

ಸುರಿದ, ಅಂಗೈಯಿಂದ ಸವರಿದ, ಕಣ್ಣು ಮುಚ್ಚಿ ತಲೆದೂಗಿದ. ಹಿಂದಿದ್ದ ಗುಜರಾತದ ಅಜ್ಜಿಯೊಬ್ಬಳು ಇದ್ಯಾವುದೋ ಸಂತರ ಜಾಗವೆಂದು ಕೈಮುಗಿದು ತನ್ನ ಬಾಟಲಿಯನ್ನೂ ಸುರಿದಳು. ಆಕೆಯ ಹಿಂದೆ ಇಬ್ಬರು, ಅವರ ಹಿಂದೆ ಇಡೀ ದಂಡು. ಶಹಾಬಾದಿನ ಕಾಗಿಣಾ ನದಿಯೇ ರೈಲು ಹತ್ತಿ ದಿಲ್ಲಿಗೆ ಬಂದಿತೋ ಎಂಬಂತೆ ನೀರು ಹರಿಯಿತು. ದಪ್ಪನೆಯ ಯಜಮಾನರೊಬ್ಬರು ಜಾರಿ ಪಕ್ಕದವನನ್ನು ಹಿಡಿದರು, ಅವನು ಇನ್ನೊಬ್ಬನನ್ನು. ಸಾಲು ಸಾಲೇ ನೆಲಕ್ಕೆ.

ಸೀಟಿ ಊದುತ್ತ ಕಾವಲುಗಾರ ಬಂದ. ದೇವಿಂದ್ರಪ್ಪ ಎದೆಯುಬ್ಬಿಸಿ, "ಸಾಬ್, ಯೇ ಹಮಾರೇ ಗಾಂವ್ ಕಾ ಪತ್ಥರ್ ಹೈ" ಎಂದು ತನ್ನೂರ ಕಲ್ಲನ್ನು ತೋರಿಸಿದ.

"ಪತ್ಥರ್ ಕೋಟಾ ಕಾ ಹೈ. ಪಾನೀ ಆಪ್ ಕಾ. ಸಾಫ್ ಕರೋ" ಎಂದು ಕಾವಲುಗಾರ ನೆಲ ಒರೆಸಲು ಅವನ ಹೆಗಲ ಟವೆಲ್ಲಿಗೆ ಬೆರಳು ತೋರಿಸಿದ.

ಕೋಟಾ! ರಾಜಸ್ಥಾನದ ಆ ಕಲ್ಲು ಶಹಾಬಾದಿನವರಿಗೆ ವ್ಯಾಪಾರದಲ್ಲಿ ಸವತಿಗಿಂತ ಹೆಚ್ಚು. ಕಂಗೆಟ್ಟ ದೇವಿಂದ್ರಪ್ಪ ಟವೆಲ್ಲಿನ ಒಂದು ತುದಿಯನ್ನು ಹೆಂಡತಿಯತ್ತ ಚಾಚಿದ.

"ನಿಮ್ಮ ಕಲ್ಲು, ನೀವೇ ನೋಡ್ಕೋರಿ" ಎಂದವಳೇ ಶಿವಕಾಂತಮ್ಮ ಸೆರಗು ಸಿಕ್ಕಿಸಿ, ಮುಂದೆ ಹೊರಟಿದ್ದ ಹಸಿರು ಕೊಡೆಯ ಹಿಂದೆ ಹೊರಟೇಹೋದಳು. ತಿರುಗಿ ಬಂದಾಗ ಸಂಜೆ. ಕೈಯಲ್ಲಿ ಕುಲ್ಫಿ, ಮುಖ ಹುಣ್ಣಿಮೆ. ದೇವಿಂದ್ರಪ್ಪ ಇನ್ನೂ ಟವೆಲ್ ಹಿಂಡುತ್ತಿದ್ದ.

ಮರಳುವ ರೈಲಿನಲ್ಲಿ ಚಿತ್ತಾಪುರದ ಖಂಡಪ್ಪನೆಂಬ ಹುಡುಗ ಎದುರು ಕುಂತು ಮಾತಿಗೆಳೆದ: "ದಿಲ್ಲಿ ಹೆಂಗದರಿ, ಕಾಕಾ?"

ದೇವಿಂದ್ರಪ್ಪ ಬಾಯಿ ತೆರೆಯುವುದರೊಳಗೆ ಶಿವಕಾಂತಮ್ಮ ಅಂದಳು: "ಅವರಿಗೇನ್ ಕೇಳ್ತಿ ತಮ್ಮಾ? ದಿಲ್ಲಿ ನೋಡಿದಾಕಿ ನಾ. ಅವರು ಒರಸಿ ಬಂದಾರ."