ನಡುವಿನ ಹಸಿರು ಚುಕ್ಕೆ

ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ 'ಹರಳು ಮೇಷ್ಟ್ರು' ಎನ್ನುತ್ತಿದ್ದ ವಿಜ್ಞಾನಿಗೆ ಬಂದದ್ದು ಒಂದೇ ಒಂದು ಸೀನು. ಆ ಸೀನಿನ ರಭಸಕ್ಕೆ ಮೊಣಕೈ ಕನ್ನಡಿಗೆ ತಾಗಿ, ಬಿಳಿ ರಟ್ಟಿನ ಮೇಲೆ ಮಿನುಗುತ್ತಿದ್ದ ಹಸಿರು ಚುಕ್ಕೆ ಮಾಯವಾಯಿತು.

ಮೂರು ಗಂಟೆಗೆ ಸಂಸ್ಥೆಯ ನಿರ್ದೇಶಕರು ಬರುವವರಿದ್ದರು. ಚುಕ್ಕೆ ಕಂಡರೆ ಈ ಕೋಣೆ ಮೇಷ್ಟ್ರ ಪ್ರಯೋಗಕ್ಕೆ, ಕಾಣದಿದ್ದರೆ ಪಕ್ಕದ ಲ್ಯಾಬಿನ ಮೇಡಂಗೆ. ಮೇಡಂ ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು.

"ಏನ್ ಸಾರ್, ದೀಪ ಹೋಯ್ತಾ?" ಉಪಕರಣಗಳ ಸ್ಟೋರಿನವರು ಇಣುಕಿದರು.

"ದೀಪ ಅಲ್ರೀ, ಕಣ್ಣಿಗೆ ಕಾಣದ ಎರಡು ಕಿರಣ. ಗಾಳೀಲಿ ಎದುರಾದ್ರೆ ಮುನಿಸ್ಕೊಂಡ ಬೀಗರ ಥರ ಮುಖ ತಿರುಗಿಸ್ಕೊಂಡು ಹೋಗ್ತವೆ. ಈ ಹರಳಿನೊಳಗೆ ಒಂದೇ ಕ್ಷಣಕ್ಕೆ ಬಂದ್ರೆ ಮಾತ್ರ ಕೂಡ್ಕೊಂಡು, ನಡುವೆ ಹೊಸದಾಗಿ ಹಸಿರು ಬೆಳಕು ಹುಟ್ಟಿಸ್ತವೆ."

"ಹಾಗಾದ್ರೆ ಯಾವುದೋ ಒಂದು ಲೇಟು," ಎಂದು ಸ್ಟೋರಿನವರು ಕೈಗೆ ಸಿಕ್ಕ ತಿರುಪನ್ನು ತಿರುಗಿಸಿಯೇಬಿಟ್ಟರು. ಹಿಂದೆಯೇ ಬಂದ ಎಲೆಕ್ಟ್ರಿಷಿಯನ್ ಇನ್ನೊಂದನ್ನು ತಿರುಗಿಸಿದ. ಮೇಡಂ, "ಪಾಪ, ಧೂಳು ಕೂತಿದೆ," ಎಂದು ಹರಳಿನ ಪೀಠವನ್ನೇ ಒರೆಸಿ ಓರೆ ಮಾಡಿಟ್ಟರು.

ಮೇಷ್ಟ್ರು ಧೃತಿಗೆಡಲಿಲ್ಲ. "ಎಲ್ರೂ ಹೊರಗೆ ನಡೀರಿ. ಹದಿನೈದು ವರ್ಷದಿಂದ ಇವುಗಳ ಸಂಸಾರ ನೋಡ್ತಿದ್ದೀನಿ, ರಾಜಿ ಮಾಡಿಸೋದು ನಂಗೆ ಗೊತ್ತು!"

ಹರಳನ್ನು ನೆಟ್ಟಗೆ ಕೂರಿಸಿದರು. ಕನ್ನಡಿಯನ್ನು ಸರಿಪಡಿಸಿದರು. ಎರಡೂ ಕಿರಣ ಒಟ್ಟಿಗೆ ತಲುಪಲೆಂದು ತಿರುಪುಗಳನ್ನು ತಿರುಗಿಸುತ್ತಾ ಒಂದರ ದಾರಿಯನ್ನು ಕೂದಲೆಳೆಯಷ್ಟು, ಮತ್ತೆ ಅದರ ಅರ್ಧದಷ್ಟು ಮೊಟಕು ಮಾಡಿದರು. ಮೂರಕ್ಕೆ ಎರಡೇ ನಿಮಿಷವಿದ್ದಾಗ ರಟ್ಟಿನ ನಡುವೆ ಚುಕ್ಕೆ ಛಕ್ಕನೆ ಎದ್ದಿತು. ಬೆಳಗಿನದಕ್ಕಿಂತ ಎರಡು ಪಟ್ಟು ಹಸಿರು!

"ಭೇಷ್! ಕೋಣೆ ಈ ಪ್ರಯೋಗಕ್ಕೇ," ಎಂದರು ಸರಿಯಾಗಿ ಮೂರಕ್ಕೆ ಬಂದ ನಿರ್ದೇಶಕರು. ಮೇಡಂ ಮುಖ ಸಿಂಡರಿಸಿಕೊಂಡು ಟೇಪು ಸುತ್ತಿದರು. ಸ್ಟೋರಿನವರು ಮಾತ್ರ ತಮ್ಮದೇ ಸಾಧನೆಯೆಂಬಂತೆ ಧಡಧಡನೆ ಒಳಗೆ ಬಂದರು. ಚುಕ್ಕೆ ನಡುಗಿತು, ಆರಿತು, ಅವರು ನಿಂತ ಮೇಲೆ ಮತ್ತೆ ಹತ್ತಿತು.

ನಿರ್ದೇಶಕರು ಗಂಭೀರರಾದರು. "ಇಷ್ಟು ಸೂಕ್ಷ್ಮಾನಾ ಇದು? ತಿಂಗಳ ಕೊನೇಲಿ ಅತಿಥಿಗಳು ನೋಡೋಕೆ ಬರ್ತಾರೆ. ಅಲ್ಲೀವರೆಗೆ ಬಾಗಿಲಿಗೆ ಬೀಗ ಹಾಕಿ. ಒಬ್ಬರೂ ಒಳಗೆ ಕಾಲಿಡಬಾರ್ದು."

"ನಾನೂನಾ ಸಾರ್?" ಎಂದರು ಮೇಷ್ಟ್ರು.

"ನಿಮಗೂ ಕಾಲಿದೆಯಲ್ರೀ!"

ಬೀಗದ ಕೈ ನಿರ್ದೇಶಕರ ಜೇಬು ಸೇರಿತು. ಗೆದ್ದ ಕೋಣೆಯ ಹೊರಗೆ ಮೇಷ್ಟ್ರು ತಮ್ಮ ಕುರ್ಚಿ ಹಿಡಿದುಕೊಂಡು ನಿಂತಿದ್ದರು. ಪಕ್ಕದ ಬಾಗಿಲು ತೆರೆಯಿತು.

"ಬನ್ನಿ ಸಾರ್," ಎಂದರು ಮೇಡಂ ನಗುತ್ತಾ, "ನಮ್ಮ ಲ್ಯಾಬಲ್ಲಿ ಒಂದು ಮೂಲೆ ಕೊಡ್ತೀನಿ. ಏನನ್ನೂ ಮುಟ್ಟಲ್ಲ ಅಂತ ಮಾತು ಕೊಟ್ರೆ ಸಾಕು."

ಮೇಷ್ಟ್ರು ಮಾತು ಕೊಟ್ಟರು.